ಲ್ಯಾಬಿಗೆ ಬೀಗ ಬಿದ್ದಾಗ ಕೈಕೆಲಸದ ಪಾಠ: 2020–21ರಲ್ಲಿ ಕಲಿಸಿದವರು, ಕಲಿತವರು ಇಲ್ಲಿ ಬರೆಯಿರಿ

ಘಟ್ಟದ ತಪ್ಪಲು

ಎಲ್ಲರಿಗೂ ನಮಸ್ಕಾರ. ದಕ್ಷಿಣ ಕನ್ನಡದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆಯ ಅಟಲ್ ಟಿಂಕರಿಂಗ್ ಲ್ಯಾಬಿನ (ಮಕ್ಕಳು ಕೈಯಾರೆ ಸರ್ಕ್ಯೂಟ್, ಮಾದರಿ ಮಾಡಿ ಕಲಿಯಲು ಕೇಂದ್ರ ಸರ್ಕಾರದ ಯೋಜನೆಯಲ್ಲಿ ಬಂದ ಲ್ಯಾಬ್) ಉಸ್ತುವಾರಿಯೂ ನನ್ನ ತಲೆಗೇ ಬಂದಿದೆ. ಜೂನ್, ಜುಲೈ ಬಂತೆಂದರೆ ನಮ್ಮ ಕಡೆ ರೆಡ್ ಅಲರ್ಟ್, ಜಿಲ್ಲಾಧಿಕಾರಿಗಳ ಆದೇಶ, ರಜೆ. ಗಣಿತ, ಸಮಾಜದ ಮೇಷ್ಟ್ರುಗಳು ಶನಿವಾರ ಮಧ್ಯಾಹ್ನ ಮಕ್ಕಳನ್ನು ಕೂರಿಸಿ ತಮ್ಮ ಪಾಠ ಮುಗಿಸಿಕೊಳ್ಳುತ್ತಾರೆ. ಲ್ಯಾಬಿನ ಅವಧಿಯನ್ನು ಯಾರೂ ತುಂಬಿಕೊಡುವುದಿಲ್ಲ, ಹೋದದ್ದು ಹೋಯಿತು.

ಈ ವರ್ಷ ಮುಖ್ಯೋಪಾಧ್ಯಾಯರು, “ರಜೆಯ ದಿನ ಮಕ್ಕಳು ಮನೆಯಲ್ಲೇ ಮಾಡುವಂಥ ಕೆಲಸಗಳ ಪಟ್ಟಿ ಮಾಡಿಕೊಡಿ ಮೇಡಂ, ಕೋವಿಡ್ ಕಾಲದಲ್ಲಿ ಎಲ್ಲರೂ ಮಾಡಿದ್ದಾರಲ್ಲ” ಎಂದರು. ಆಗ ನಾನು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದೆ, ಈ ಅನುಭವ ನನಗಿಲ್ಲ. ಇದ್ದವರು ಹೇಳಿ: ಡ್ರಾಯಿಂಗ್, ಎಲೆಕ್ಟ್ರಾನಿಕ್ಸ್, ಮರಗೆಲಸ, ಹೊಲಿಗೆ, ಆಟೊಮೊಬೈಲ್, ಯಾವುದೇ ಇರಲಿ, ದೂರದಿಂದ ಕಲಿಸಿದಾಗ ಏನು ನಿಂತಿತು, ಏನು ಬಿದ್ದುಹೋಯಿತು?

ನಮ್ಮ ಪರಿಸ್ಥಿತಿಯನ್ನೂ ತಿಳಿಸುತ್ತೇನೆ. ಹಲವು ಮನೆಗಳಲ್ಲಿ ಒಂದೇ ಸ್ಮಾರ್ಟ್‌ಫೋನ್, ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ. ಗಾಳಿಮಳೆಗೆ ಕರೆಂಟು ಹೋದರೆ ಟವರೂ ಮಲಗುತ್ತದೆ. “ಯೂಟ್ಯೂಬಿನಲ್ಲಿ ಎಲ್ಲವೂ ಇದೆ” ಎಂದು ದಯವಿಟ್ಟು ಬರೆಯಬೇಡಿ.

ಟಿ-ಸ್ಕ್ವೇರ್

ಮೇಡಂ, ನಾನು ಕಿರಿಯ ತಾಂತ್ರಿಕ ಶಾಲೆಯಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿದವನು. ಈಗಿನವರಿಗೆ ಜೆಟಿಎಸ್ ಎಂದರೆ ಗೊತ್ತಿಲ್ಲದಿರಬಹುದು: ಎಸ್‌ಎಸ್‌ಎಲ್‌ಸಿ ಓದುತ್ತಲೇ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಮೂಲಪಾಠ ಮತ್ತು ಡ್ರಾಯಿಂಗ್ ಕಲಿಸುವ ಶಾಲೆ.

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಡ್ರಾಯಿಂಗ್ ಬೋರ್ಡು, ಅದರ ಮೇಲೆ ಗೆರೆ ಎಳೆಯುವ ಟಿ-ಸ್ಕ್ವೇರ್ ಎಲ್ಲವೂ ಶಾಲೆಯ ಕೋಣೆಯಲ್ಲಿ. ಮಕ್ಕಳ ಹತ್ತಿರ ಇದ್ದದ್ದು ಜಾಮಿಟ್ರಿ ಬಾಕ್ಸ್ ಮಾತ್ರ. ಮೊದಲು ಎಲ್ಲರೂ ಮಾಡಿದ್ದನ್ನೇ ನಾನೂ ಮಾಡಿದೆ: ಕಪ್ಪು ಹಲಗೆಯ ಮೇಲೆ ಬರೆದು, ವಿಡಿಯೊ ಮಾಡಿ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು. ಮಕ್ಕಳು ನನ್ನ ಚಿತ್ರವನ್ನು ಚೊಕ್ಕವಾಗಿ ನಕಲು ಮಾಡಿ ಫೋಟೊ ಕಳಿಸುತ್ತಿದ್ದರು. ಎಲ್ಲ ಸರಿ, ಒಬ್ಬರಿಗೂ ಅರ್ಥವಾಗಿಲ್ಲ. ಬೇರೆ ಆಕಾರ ಕೊಟ್ಟರೆ ಕೈ ನಿಂತುಹೋಗುತ್ತಿತ್ತು.

ಆಮೇಲೆ ಸೋಪಿಗೆ ಬಂದೆ. ಬಟ್ಟೆ ಒಗೆಯುವ ಬಾರ್ ಸೋಪನ್ನು ಬೆಂಕಿಪೊಟ್ಟಣದಷ್ಟು ಕತ್ತರಿಸಿಕೊಂಡು, ಮೇಲ್ಭಾಗದಲ್ಲಿ ಒಂದು ಮೆಟ್ಟಿಲು, ಒಂದು ಬದಿಗೆ ಓರೆ. ಅದನ್ನು ಗೋಡೆಗೆ ಹತ್ತಿರ ಇಟ್ಟು, ಎದುರಿನಿಂದ ಟಾರ್ಚ್ ಬಿಡಬೇಕು. ಗೋಡೆಯ ಮೇಲೆ ಬೀಳುವ ನೆರಳಿನ ಅಂಚೇ ಮುಂಭಾಗದ ನೋಟ. ಎಡದಿಂದ ಬೆಳಕು ಬಿಟ್ಟರೆ ನೆರಳು ಬಲಕ್ಕೆ ಬೀಳುತ್ತದೆ, ಮೇಲಿನಿಂದ ಬಿಟ್ಟರೆ ಕೆಳಕ್ಕೆ. ನಮ್ಮ ದೇಶದಲ್ಲಿ ಪಾಲಿಸುವ ಪ್ರಥಮ ಕೋನ ಪ್ರಕ್ಷೇಪಣದಲ್ಲಿ (ವಸ್ತುವಿನ ನೋಟಗಳನ್ನು ಹಾಳೆಯ ಮೇಲೆ ಜೋಡಿಸುವ ಒಂದು ಕ್ರಮ) ಎಡನೋಟವನ್ನು ಬಲಕ್ಕೆ, ಮೇಲುನೋಟವನ್ನು ಕೆಳಗೆ ಯಾಕೆ ಬರೆಯುತ್ತೇವೆ ಎಂದು ವರ್ಷಾನುಗಟ್ಟಲೆ ಹಲಗೆಯ ಮುಂದೆ ಗಂಟಲು ಹರಿದುಕೊಂಡಿದ್ದೆ. ಟಾರ್ಚ್ ಹಿಡಿದ ಹುಡುಗಿಯೊಬ್ಬಳು ನಾನು ಕೇಳುವ ಮೊದಲೇ ಅದನ್ನು ಹೇಳಿದಳು. ಕೆಲಸ ಮುಗಿದ ಮೇಲೆ ಸೋಪು ಒಗೆಯುವ ಕಲ್ಲಿಗೆ ವಾಪಸ್. ಯಾವ ತಾಯಿಯೂ ದೂರಲಿಲ್ಲ.

ಎರಡನೆಯದು ಕಡಲೆಕಾಯಿ ಪೊಟ್ಟಣ. ಶಂಕುವಿನ ಮೈಯನ್ನು ಬಿಡಿಸಿ ಹಾಳೆಯ ಮೇಲೆ ಬರೆಯುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ತಳದ ತ್ರಿಜ್ಯ 3 ಸೆಂ.ಮೀ., ಓರೆ ಎತ್ತರ 9 ಸೆಂ.ಮೀ. ಎಂದರೆ ಕೋನ 360ರ ಮೂರನೇ ಒಂದು ಭಾಗ, 120 ಡಿಗ್ರಿ. ಹಾಳೆ ಕತ್ತರಿಸಿ ಅಂಚಿಗೆ ಅಂಚು ಸೇರಿಸಿ ಸುತ್ತಿ, ಮೊದಲೇ ಬರೆದಿಟ್ಟ 3 ಸೆಂ.ಮೀ. ತ್ರಿಜ್ಯದ ವೃತ್ತದ ಮೇಲೆ ಕೂರಿಸಿ ನೋಡುವುದು. ಕೋನ 110 ಎಳೆದವನ ಪೊಟ್ಟಣ ಗೆರೆಯ ಒಳಗೇ ನಿಲ್ಲುತ್ತದೆ. ತಪ್ಪಾಗಿದೆ ಎಂದು ನಾನು ಹೇಳಬೇಕಾಗಿಲ್ಲ, ಫೋಟೊ ಕಳಿಸಬೇಕಾಗಿಯೂ ಇಲ್ಲ.

ಹಳೆ ಅರ

ಟಿ-ಸ್ಕ್ವೇರ್ ಮೇಷ್ಟ್ರ ಮಾತು ಸರಿ, ಆದರೆ ಡ್ರಾಯಿಂಗ್ ಅರ್ಧ ತಲೆಯ ವಿಷಯ. ನಾನು ವರ್ಕ್‌ಶಾಪ್ ಬೋಧಕನಾಗಿ ನಿವೃತ್ತನಾದವನು. ಕೊನೆಯ ವರ್ಷಗಳು ಈ ಆನ್‌ಲೈನ್ ತಾಪತ್ರಯದಲ್ಲೇ ಕಳೆದವು. ಅರ, ಅಂದರೆ ಲೋಹ ಉಜ್ಜುವ ಫೈಲ್, ಹಿಡಿಯುವುದನ್ನು ಫೋನಿನಲ್ಲಿ ಕಲಿಸಿ ಎಂದರು. ಕಲಿಸಲಾಗುವುದಿಲ್ಲ ಎಂದೆ, ಹಟಮಾರಿ ಎನಿಸಿಕೊಂಡೆ.

ಯಾಕೆ ಆಗುವುದಿಲ್ಲ ಎಂದು ಬಿಡಿಸಿ ಹೇಳುತ್ತೇನೆ. ಅರ ಮುಂದಕ್ಕೆ ಹೋಗುವಾಗ ಮಾತ್ರ ಕಡಿಯುತ್ತದೆ. ಇದನ್ನು ಯಾವ ವಿಡಿಯೊ ಬೇಕಾದರೂ ಹೇಳುತ್ತದೆ. ಆದರೆ ಬೆಂಚಿನ ಮೇಲಿನ ಬಿಗಿಹಿಡಿಕೆಯಾದ ವೈಸಿನಲ್ಲಿ ಹಿಡಿದ ಕಬ್ಬಿಣದ ಪಟ್ಟಿಯ ಮೇಲೆ ಅರ ಚಲಿಸುವಾಗ ಎರಡು ಕೈಗಳ ಒತ್ತಡ ಬದಲಾಗುತ್ತಾ ಹೋಗಬೇಕು. ಶುರುವಿನಲ್ಲಿ ತುದಿ ಹಿಡಿದ ಎಡಗೈಯ ಭಾರ ಹೆಚ್ಚು, ಮಧ್ಯಕ್ಕೆ ಬಂದಾಗ ಎರಡೂ ಸಮ, ಕೊನೆಯಲ್ಲಿ ಹಿಡಿಕೆಯ ಬಲಗೈಯ ಭಾರ ಹೆಚ್ಚು. ಇದು ತಪ್ಪಿದರೆ ಅರ ತಕ್ಕಡಿಯ ಕೋಲಿನಂತೆ ಆ ಕಡೆ ಈ ಕಡೆ ತೂಗುತ್ತದೆ, ಪಟ್ಟಿಯ ಎರಡು ಅಂಚು ಸವೆದು ನಡು ಉಬ್ಬುತ್ತದೆ. ಒತ್ತಡ ಕಣ್ಣಿಗೆ ಕಾಣುವ ವಸ್ತುವಲ್ಲ. ಹುಡುಗನ ಕೈಯ ಮೇಲೆ ನನ್ನ ಕೈ ಇಟ್ಟು ನಾಲ್ಕು ಸಲ ತಳ್ಳಿದರೆ ಅವನಿಗೆ ತಿಳಿಯುತ್ತದೆ. ಕ್ಯಾಮೆರಾ ಎಷ್ಟು ಹತ್ತಿರ ಹಿಡಿದರೂ ಅದು ಬರುವುದಿಲ್ಲ. ಸದ್ದು ಕೂಡ ಹಾಗೆಯೇ. ಬ್ಲೇಡ್ ಸಡಿಲವಾಗಿರುವ ಹ್ಯಾಕ್ಸಾದ (ಲೋಹ ಕೊಯ್ಯುವ ಗರಗಸದ) ಸದ್ದು ವರ್ಕ್‌ಶಾಪಿನ ಆ ಮೂಲೆಯಿಂದ ಈ ಮೂಲೆಗೆ ನನಗೆ ಕೇಳಿಸುತ್ತದೆ, ಫೋನಿನ ಸ್ಪೀಕರಿನಲ್ಲಿ ಎಲ್ಲ ಸದ್ದೂ ಒಂದೇ.

ಹಾಗಾಗಿ ಮೇಡಂ, ನಿಮ್ಮ ಪಟ್ಟಿಯಲ್ಲಿ ಕಬ್ಬಿಣದ ಕೆಲಸ ಸೇರಿಸಲೇಬೇಡಿ. ಶಾಲೆ ತೆರೆದ ಮೇಲೆ ಮಾಡಿಸಿ.

ಜುಲೈ 2021ರ ಬ್ಯಾಚ್

ಹಳೆ ಅರ ಸರ್ ಹೇಳಿದ ಹುಡುಗರಲ್ಲಿ ನಾನೂ ಒಬ್ಬ. ನಮ್ಮ ಎಸ್‌ಎಸ್‌ಎಲ್‌ಸಿ ಪರೀಕ್ಷೆ 2021ರ ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ ಮುಗಿಯಿತು. ಒಂದು ದಿನಕ್ಕೆ ಮೂರು ವಿಷಯ, ಪ್ರತಿ ವಿಷಯಕ್ಕೆ 40 ಅಂಕ, ಓಎಂಆರ್ ಹಾಳೆಯಲ್ಲಿ ವೃತ್ತ ತುಂಬುವುದು. ಆ ಪರಿಸ್ಥಿತಿಯಲ್ಲಿ ಅದಕ್ಕಿಂತ ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಆದರೆ ವರ್ಷವಿಡೀ “ನಾಲ್ಕರಲ್ಲಿ ಒಂದನ್ನು ಆರಿಸಿ” ಎಂಬ ಅಭ್ಯಾಸ ಮಾಡಿದ ನಾವು ನೇರ ಡಿಪ್ಲೊಮಾಕ್ಕೆ ಹೋದೆವು.

ಅಲ್ಲಿ ಮೊದಲ ಫಿಟ್ಟಿಂಗ್ (ಲೋಹ ಉಜ್ಜಿ ಹೊಂದಿಸುವ) ತರಗತಿ. ಅರದ ವಿಧಗಳು, ಹಲ್ಲಿನ ಕೋನ, ಎಲ್ಲವೂ ಬಾಯಿಪಾಠ. ಚಪ್ಪಟೆ ಮಾಡಬೇಕಾದ ಪಟ್ಟಿಯನ್ನು ಬೋಧಕರ ಕೈಗೆ ಕೊಟ್ಟೆ. ಅವರು ಒಂದು ಮಾತನ್ನೂ ಆಡದೆ ಮೂಲೆಮಟ್ಟದ (ಲಂಬಕೋನ ನೋಡುವ ಉಪಕರಣ) ಅಂಚನ್ನು ಅದರ ಮೇಲಿಟ್ಟು, ಕಿಟಕಿಯ ಕಡೆ ಎತ್ತಿ ಹಿಡಿದು ನನಗೇ ತೋರಿಸಿದರು. ಎರಡೂ ಬದಿಯಲ್ಲಿ ಬೆಳಕು, ನಡುವೆ ಕತ್ತಲೆ. ಉಬ್ಬು ಎಂದರೆ ಏನೆಂದು ಆಗ ಕಂಡಿತು. ಅಂದಿನಿಂದ ನಾಲ್ಕು ಸಲ ಉಜ್ಜುವುದು, ಒಂದು ಸಲ ಬೆಳಕಿಗೆ ಹಿಡಿಯುವುದು, ಹೀಗೆ ಮಾಡಿಯೇ ಕಲಿತೆ. ಬೋಧಕರು ಒಮ್ಮೆಯೂ ನನ್ನ ಕೈ ಹಿಡಿದು ತಳ್ಳಿಸಲಿಲ್ಲ ಸರ್.

ಹಳೆ ಅರ

ಅಪ್ಪಾ ಬ್ಯಾಚ್, ನಿನ್ನ ಬೋಧಕರು ಜಾಣರು. ಬೆಳಕಿಗೆ ಹಿಡಿಯುವುದು ನಾವೂ ಮಾಡಿಸುತ್ತಿದ್ದೆವು, ಆದರೆ ಪರೀಕ್ಷೆಗೆ ಅಳೆಯುವ ಹೊತ್ತಿನಲ್ಲಿ. ಕಲಿಯುವಾಗಲೇ ಹುಡುಗನ ಕೈಗೆ ಮೂಲೆಮಟ್ಟ ಕೊಟ್ಟುಬಿಡುವುದು ಬೇರೆ ಲೆಕ್ಕ. ಯೋಚಿಸುತ್ತೇನೆ. ಆದರೂ ಮನೆಯಲ್ಲಿ ವೈಸ್ ಎಲ್ಲಿಂದ ಬರಬೇಕು?

ಕೋಡ್ ಕಟ್ಟೆ

ಇಲ್ಲಿ ಎಲ್ಲರೂ ಕಬ್ಬಿಣ, ಸೋಪು ಎನ್ನುತ್ತಿದ್ದೀರಿ. ಟಿಂಕರಿಂಗ್ ಲ್ಯಾಬ್ ಇರುವ ಶಾಲೆ ಎಂದರೆ ಟಿಂಕರ್‌ಕ್ಯಾಡ್ ಹೆಸರೇ ಬರಬಾರದೇ? ಉಚಿತ, ಬ್ರೌಸರಿನಲ್ಲೇ ನಡೆಯುತ್ತದೆ, ಮೂರು ಆಯಾಮದ ಮಾದರಿಯನ್ನೂ ಆರ್ಡುಯಿನೊ (ಕೋಡ್ ಬರೆದು ದೀಪ, ಮೋಟಾರು ನಡೆಸುವ ಪುಟ್ಟ ಬೋರ್ಡು) ಸರ್ಕ್ಯೂಟನ್ನೂ ಮಾಡಬಹುದು. ಕರೆಂಟು ತಗ್ಗಿಸುವ ರೆಸಿಸ್ಟರ್ ಇಲ್ಲದೆ 9 ವೋಲ್ಟ್ ಬ್ಯಾಟರಿಗೆ ಎಲ್‌ಇಡಿ ಕೊಟ್ಟರೆ ಪರದೆಯ ಮೇಲೆ ಎಲ್‌ಇಡಿ ಸಿಡಿದದ್ದನ್ನು ತೋರಿಸುತ್ತದೆ. ಬೆಳಕಿಗೆ ಹಿಡಿದು ನೋಡುವ ಮಾತು ಬಂತಲ್ಲ, ಇದೂ ಅದೇ. ನಿಜವಾದ ಎಲ್‌ಇಡಿ ಸುಟ್ಟರೆ ಮಗು ಹೆದರುತ್ತದೆ, ಪರದೆಯಲ್ಲಿ ಸುಟ್ಟರೆ ನಗುತ್ತದೆ. 2020ರಲ್ಲಿ ತುಮಕೂರು ಕಡೆಯ ಎರಡು ಶಾಲೆಗಳಿಗೆ ಸ್ವಯಂಸೇವಕನಾಗಿ ಪಾಠ ಮಾಡಿದ್ದೇನೆ. ಲ್ಯಾಪ್‌ಟಾಪ್ ಇದ್ದ ಮಕ್ಕಳು ಹಾರಿಹೋದರು.

ಚೈನ್ ಸೆಟ್

“ಲ್ಯಾಪ್‌ಟಾಪ್ ಇದ್ದ ಮಕ್ಕಳು.” ಇಡೀ ವಾಕ್ಯದ ಭಾರ ಅಲ್ಲೇ ಇದೆ ಸ್ವಾಮಿ.

ಕೋಡ್ ಕಟ್ಟೆ

ಒಪ್ಪಿದೆ. ಸಣ್ಣ ಫೋನಿನ ಪರದೆಯಲ್ಲಿ ಅದು ಹಿಂಸೆಯೇ. ಆದರೆ ಲ್ಯಾಬಿನಲ್ಲಿ ಲ್ಯಾಪ್‌ಟಾಪ್‌ಗಳು ಇದ್ದವು ಎಂಬುದೂ ನಿಜ. ಅಟಲ್ ಲ್ಯಾಬ್ ಯೋಜನೆಯಲ್ಲಿ ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ, ಅದರಲ್ಲಿ 10 ಲಕ್ಷ ಸ್ಥಾಪನೆಗೇ. ಸೆನ್ಸರ್, ಆರ್ಡುಯಿನೊ, ತ್ರೀಡಿ ಪ್ರಿಂಟರ್ ಎಲ್ಲವೂ ಬೀಗದ ಒಳಗೆ, ಮಕ್ಕಳು ಬೀಗದ ಹೊರಗೆ. ಬೆಸುಗೆಯಿಲ್ಲದೆ ತಂತಿ ಸಿಕ್ಕಿಸಿ ಸರ್ಕ್ಯೂಟ್ ಜೋಡಿಸುವ ಒಂದು ಬ್ರೆಡ್‌ಬೋರ್ಡನ್ನಾದರೂ ಮನೆಗೆ ಕೊಡಿ ಎಂದರೆ, “ಸ್ಟಾಕ್ ರಿಜಿಸ್ಟರಿನಲ್ಲಿ ಏನು ಬರೆಯಲಿ, ಆಡಿಟ್‌ನವರಿಗೆ ಯಾರು ಉತ್ತರ ಕೊಡುತ್ತಾರೆ” ಎಂದರು. ಆ ಭಯ ಇರುವವರೆಗೆ ಯಾವ ದೂರಪಾಠವೂ ನಡೆಯುವುದಿಲ್ಲ.

ಘಟ್ಟದ ತಪ್ಪಲು

ಈ ರಿಜಿಸ್ಟರ್ ಭಯ ನನಗೂ ಇದೆ, ಸುಳ್ಳೇಕೆ ಹೇಳಲಿ. ಬಳಸಿ ಮುಗಿಯುವ ಸಾಮಗ್ರಿಗಳ ಪುಟದಲ್ಲಿ ಬರೆಯಬಹುದಾದ ತಂತಿ, ಎಲ್‌ಇಡಿ, ರೆಸಿಸ್ಟರ್‌ಗಳನ್ನು ಕಳಿಸಬಹುದು. ಆರ್ಡುಯಿನೊ ಕಳಿಸುವ ಧೈರ್ಯ ಇಲ್ಲ.

ಪರದೆಯಲ್ಲೇ ಸರ್ಕ್ಯೂಟ್ ನಡೆಸಿ ತೋರಿಸುವ ಸಿಮ್ಯುಲೇಟರ್ ಬಗ್ಗೆ ನನ್ನ ಒಂದು ತಕರಾರು: ಪರದೆಯ ಮೇಲಿನ ತಂತಿ ಎಂದೂ ಸಡಿಲವಾಗುವುದಿಲ್ಲ, ಸೆಲ್ಲಿನ ತುದಿಗೆ ತುಕ್ಕು ಹಿಡಿಯುವುದಿಲ್ಲ. ನಮ್ಮ ಲ್ಯಾಬಿನಲ್ಲಿ ಅರ್ಧ ಹೊತ್ತು ಹೋಗುವುದೇ ಅದನ್ನು ಹುಡುಕುವುದರಲ್ಲಿ, ಆ ಹುಡುಕಾಟವೇ ಪಾಠ ಎಂದು ನನ್ನ ನಂಬಿಕೆ.

ಬರ್ಮಿಂಗ್‌ಹ್ಯಾಮ್ ಬೆಂಚು

ಇಂಗ್ಲೆಂಡಿನ ಸರ್ಕಾರಿ ಸೆಕೆಂಡರಿ ಶಾಲೆಯೊಂದರಲ್ಲಿ ವಿನ್ಯಾಸ ಮತ್ತು ತಂತ್ರಜ್ಞಾನ ಕಲಿಸುತ್ತೇನೆ, ಮೂಲ ಹಾಸನ. ಸೌಲಭ್ಯ ಇರುವ ದೇಶದಲ್ಲಿ ಇದೆಲ್ಲ ಸಲೀಸಾಗಿ ಆಯಿತು ಎಂದು ಯಾರಾದರೂ ಅಂದುಕೊಂಡಿದ್ದರೆ ಇರಲಿ ಎಂದು ಬರೆಯುತ್ತಿದ್ದೇನೆ.

ಇಲ್ಲಿ ಶಾಲೆಗಳು 2020ರ ಮಾರ್ಚ್ 20ಕ್ಕೆ ಮುಚ್ಚಿದವು, 2021ರ ಜನವರಿಯಿಂದ ಮಾರ್ಚ್ 8ರವರೆಗೆ ಮತ್ತೊಮ್ಮೆ. ಜಿಸಿಎಸ್‌ಇಯಲ್ಲಿ (ಇಲ್ಲಿನ ಹದಿನಾರನೇ ವಯಸ್ಸಿನ ಸಾರ್ವಜನಿಕ ಪರೀಕ್ಷೆ) ನಮ್ಮ ವಿಷಯದ ಅರ್ಧ ಅಂಕ, ಶೇ 50, ಮಕ್ಕಳು ತಾವೇ ವಿನ್ಯಾಸ ಮಾಡಿ ತಯಾರಿಸುವ ವಸ್ತುವಿಗೆ. ವರ್ಕ್‌ಶಾಪಿಗೆ ಕಾಲಿಡದೆ ತಯಾರಿಸುವುದು ಹೇಗೆ? 2021ರ ಸಾಲಿಗೆಂದು ಪರೀಕ್ಷಾ ನಿಯಂತ್ರಕ ಸಂಸ್ಥೆಯಾದ ಆಫ್‌ಕ್ವಾಲ್ ನಿಯಮ ಸಡಿಲಿಸಿತು: ನಿಜವಾದ ಮಾದರಿಯ ಬದಲು ರಟ್ಟು, ಕಾಗದದ ಮಾದರಿ ಸಾಕು, ಯಂತ್ರವನ್ನು ತಾವೇ ನಡೆಸುವ ಬದಲು ಶಿಕ್ಷಕರು ನಡೆಸುವುದನ್ನು ನೋಡಿದರೂ ನಡೆಯುತ್ತದೆ. ಕೊನೆಗೆ ಆ ಬೇಸಿಗೆಯ ಪರೀಕ್ಷೆಗಳೇ ರದ್ದಾಗಿ, ಶಿಕ್ಷಕರೇ ದರ್ಜೆ ಕೊಡುವ ವ್ಯವಸ್ಥೆ ಬಂತು.

ನಾವು ಮನೆಗೆ ಪೊಟ್ಟಣ ಕಳಿಸಿದೆವು: ದಪ್ಪ ಕಾಗದ, ಎರಡು ಕಾಲಿನ ಹಿತ್ತಾಳೆ ಪಿನ್ನು, ದಾರ. ಚೂರಿ ಇಲ್ಲ, ಬಿಸಿ ಅಂಟಿನ ಗನ್ ಇಲ್ಲ. ಮನೆಯಲ್ಲಿ ಪೆಟ್ಟಾದರೆ ಹೊಣೆ ಯಾರದು ಎಂಬ ಚರ್ಚೆ ನಮ್ಮಲ್ಲೂ ವಾರಗಟ್ಟಲೆ ನಡೆದು, ಕತ್ತರಿಗೆ ಬಂದು ನಿಂತಿತು. ಆ ಕಾಗದದ ಪಟ್ಟಿಗಳಿಂದ ಸನ್ನೆ, ಕೊಂಡಿಗಳ ಯಂತ್ರ ಮಾಡಿಸಿದೆವು. ಒಂದು ಪಟ್ಟಿ ಎಳೆದರೆ ಇನ್ನೊಂದು ಎಷ್ಟು ದೂರ, ಯಾವ ದಿಕ್ಕಿಗೆ ಸರಿಯುತ್ತದೆ ಎಂದು ಮೊದಲು ಬರೆದಿಡುವುದು, ಆಮೇಲೆ ಎಳೆದು ನೋಡುವುದು. ಬರೆದದ್ದು ಒಂದು, ಸರಿದದ್ದು ಇನ್ನೊಂದಾದರೆ ಪಿನ್ನಿನ ಜಾಗ ಬದಲಿಸುವುದು. ಕಂಪ್ಯೂಟರ್ ವಿನ್ಯಾಸದ ಪಾಠಕ್ಕಿಂತ ಇದೇ ಹೆಚ್ಚು ಫಲ ಕೊಟ್ಟಿತು. ನಮ್ಮ ಶಾಲೆಯ ವಿನ್ಯಾಸದ ಸಾಫ್ಟ್‌ವೇರ್ ವಿಂಡೋಸ್‌ಗೆ ಮಾತ್ರ, ಮಕ್ಕಳಿಗೆ ಹಂಚಿದ್ದು ವಿಂಡೋಸ್ ಇಲ್ಲದ ಕ್ರೋಮ್‌ಬುಕ್. ಅದೊಂದು ಬೇರೆಯೇ ಪುರಾಣ.

ಇನ್ನೊಂದು ವಿಷಯ. ಆ ಏಪ್ರಿಲ್‌ನಲ್ಲಿ ಈ ದೇಶದ ಎಷ್ಟೋ ಶಾಲೆಗಳ ಶಿಕ್ಷಕರು ಖಾಲಿ ವರ್ಕ್‌ಶಾಪ್‌ಗಳಲ್ಲಿ ಲೇಸರ್ ಕಟರ್ ಬಳಸಿ ಆಸ್ಪತ್ರೆಗಳಿಗೆ ಮುಖಕವಚ ಕತ್ತರಿಸಿದರು. ಹಣೆಪಟ್ಟಿ ಎಷ್ಟು ಅಗಲ ಇರಬೇಕು, ಹಾಳೆ ಎಲ್ಲಿ ಬಾಗಬೇಕು ಎಂಬುದು ದಾದಿಯರ ಮಾತು ಕೇಳಿ ಬದಲಾಗುತ್ತಿತ್ತು. ವಿನ್ಯಾಸ ಎಂದರೆ ಬಳಸುವವರ ಮಾತು ಕೇಳುವುದು ಎಂದು ಮಕ್ಕಳಿಗೆ ತೋರಿಸಲು ಅಂಥ ಉದಾಹರಣೆ ಬೇರೆ ಸಿಗಲಿಲ್ಲ; ನೋಡಲು ಮಕ್ಕಳೇ ಅಲ್ಲಿರಲಿಲ್ಲ.

ಕಾಜ ಗುಂಡಿ

ಬೆಂಚು ಮೇಡಂ, ನಮ್ಮಲ್ಲಿ ಆ ಪಾಠ ಹೊಲಿಗೆ ಯಂತ್ರದ ಮುಂದೆ ನಡೆಯಿತು. ನಾನು ಹೊಲಿಗೆ ಶಿಕ್ಷಕಿ. ಮುಖಗವಸು ಹೊಲಿಯಿರಿ ಎಂದು ಒಂದೇ ಅಳತೆ ಕೊಟ್ಟು ಸುಮ್ಮನಿರಬಹುದಿತ್ತು. ಹಾಗೆ ಮಾಡದೆ, ಮನೆಯಲ್ಲಿ ಕನ್ನಡಕ ಹಾಕುವ ಒಬ್ಬರಿಗೆ ಹೊಲಿಯಿರಿ ಎಂದೆ. ಮೂಗಿನ ಸೇತುವೆಯಿಂದ ಗಲ್ಲದ ಅಡಿಯವರೆಗೆ ದಾರ ಹಿಡಿದು ಅಳೆಯುವುದು, ಹಳೇ ದಿನಪತ್ರಿಕೆಯಲ್ಲಿ ಅಚ್ಚು ಕತ್ತರಿಸುವುದು, ಮೂರು ನೆರಿಗೆ, ಎರಡು ಪದರ. ಹಾಕಿಕೊಂಡು ಉಸಿರು ಬಿಟ್ಟಾಗ ಕನ್ನಡಕ ಮಬ್ಬಾದರೆ ಮೂಗಿನ ಹತ್ತಿರ ಸಂದು ಉಳಿದಿದೆ ಎಂದು ಅರ್ಥ. ಬ್ರೆಡ್ ಪೊಟ್ಟಣದ ಬಾಯಿ ಕಟ್ಟುವ ತಂತಿಯನ್ನು ಮೇಲಿನ ಮಡಿಕೆಯಲ್ಲಿ ತೂರಿಸಿದವಳು ಎಂಟನೇ ತರಗತಿಯ ಹುಡುಗಿ, ನಾನು ಹೇಳಿಕೊಟ್ಟದ್ದಲ್ಲ. ಅಜ್ಜನ ಕನ್ನಡಕವೇ ಅಂಕ ಕೊಟ್ಟಿತು.

ಯಂತ್ರ ಇಲ್ಲದವರು ಕೈಹೊಲಿಗೆಯಲ್ಲೇ ಮಾಡಿದರು. ಹುಡುಗರೂ ಮಾಡಿದರು, ಶಾಲೆಯಲ್ಲಾಗಿದ್ದರೆ ಗೆಳೆಯರ ಮುಂದೆ ಸೂಜಿ ಹಿಡಿಯುತ್ತಿರಲಿಲ್ಲ ಎಂದು ನನ್ನ ಗುಮಾನಿ.

ಚೈನ್ ಸೆಟ್

ನಾನು ರಾಯಚೂರು ಕಡೆಯವನು, ಪ್ರೌಢಶಾಲೆಯಲ್ಲಿ ಎನ್‌ಎಸ್‌ಕ್ಯೂಎಫ್ ಎಂಬ ವೃತ್ತಿಕೌಶಲ ಶಿಕ್ಷಣದ ಚೌಕಟ್ಟಿನ ಅಡಿಯಲ್ಲಿ ಆಟೊಮೊಬೈಲ್ ಕಲಿಸುತ್ತಿದ್ದೆ. ಹೊರಗುತ್ತಿಗೆ ಕೆಲಸ, ಸಂಬಳ ಬಂದಾಗ ಬಂತು. ಅದು ಈ ಚರ್ಚೆಯ ವಿಷಯವಲ್ಲ, ಬಿಡಿ.

ಎಂಜಿನ್ ಮಾದರಿಯನ್ನು ಮನೆಗೆ ಕಳಿಸಲಾಗುವುದಿಲ್ಲ. ಆದರೆ ಹಳ್ಳಿಯಲ್ಲಿ ಸೈಕಲ್‌ಗೆ ಬರ ಇರಲಿಲ್ಲ. 2006–07ರಿಂದ ಎಂಟನೇ ತರಗತಿಯವರಿಗೆ ಸರ್ಕಾರ ಕೊಡುತ್ತಿದ್ದ ಸೈಕಲ್‌ಗಳಲ್ಲಿ ಒಂದಲ್ಲ ಒಂದು ಪಕ್ಕದ ಮನೆಯಲ್ಲಾದರೂ ಇರುತ್ತಿತ್ತು. 2020ರ ಆಗಸ್ಟ್‌ನಲ್ಲಿ ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಪಾಠ ಮಾಡುವ ವಿದ್ಯಾಗಮ ಯೋಜನೆ ಶುರುವಾದಾಗ ಮೊಬೈಲ್ ಇಲ್ಲದವರು, ಬರೀ ಕರೆ ಮಾಡುವ ಮೊಬೈಲ್ ಇರುವವರು, ಇಂಟರ್‌ನೆಟ್ ಇರುವವರು ಎಂದು ಮಕ್ಕಳನ್ನು ವಿಂಗಡಿಸಲು ಹೇಳಿದರು. ನಾನು ಸೈಕಲ್ ಇರುವವರು, ಇಲ್ಲದವರು ಎಂದು ಇನ್ನೊಂದು ಪಟ್ಟಿ ಮಾಡಿಕೊಂಡೆ. ದೇವಸ್ಥಾನದ ಕಟ್ಟೆಯ ಹತ್ತಿರ ತರಗತಿ.

ಕೆಲಸ ಇಷ್ಟೇ. ಮುಂದಿನ ಚಕ್ರದ ಹಲ್ಲು ಎಣಿಸಿ, ಹಿಂದಿನದನ್ನೂ ಎಣಿಸಿ. ಮುಂದೆ 44, ಹಿಂದೆ 18 ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಗಾಲಿ ಸುಮಾರು 2.44 ಸುತ್ತು. ಗಾಲಿಯ ಸುತ್ತಳತೆಯನ್ನು ದಾರದಿಂದ ಅಳೆದುಕೊಳ್ಳಿ. ದೊಡ್ಡ ಸೈಕಲ್ಲಿಗೆ 2.2 ಮೀಟರ್ ಆಸುಪಾಸು. ಹಾಗಾದರೆ ಒಂದು ಪೆಡಲ್ಲಿಗೆ ಸೈಕಲ್ ಎಷ್ಟು ದೂರ ಹೋಗಬೇಕು? ಲೆಕ್ಕದ ಪ್ರಕಾರ ಸುಮಾರು 5.4 ಮೀಟರ್. ಈಗ ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಸೈಕಲ್ ತಳ್ಳುತ್ತಾ ಪೆಡಲನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಅಳೆಯಿರಿ. ಲೆಕ್ಕಕ್ಕೂ ನೆಲಕ್ಕೂ ಒಂದು ಗೇಣು ವ್ಯತ್ಯಾಸ ಬಂದರೆ ಹುಡುಕಬೇಕು: ಹಲ್ಲು ತಪ್ಪಾಗಿ ಎಣಿಸಿದಿರೋ, ದಾರ ಹಿಗ್ಗಿತೋ, ಗಾಲಿಯಲ್ಲಿ ಗಾಳಿ ಕಡಿಮೆಯೋ. ಬೈಕಿನ ಗೇರ್ ಅನುಪಾತದ ಪಾಠಕ್ಕೆ ಬಂದಾಗ ಆ ಮಕ್ಕಳಿಗೆ ಹೊಸದಾಗಿ ಹೇಳುವುದು ಹೆಚ್ಚೇನೂ ಉಳಿದಿರಲಿಲ್ಲ.

ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಿತು. ಮಕ್ಕಳು ಸೈಕಲ್ ಬಿಚ್ಚುವುದನ್ನು ನಿಲ್ಲಿಸಲಿಲ್ಲ, ಅದರ ಬೈಗುಳ ನನಗೆ ಫೋನಿನಲ್ಲಿ ಬರುತ್ತಿತ್ತು.

ಮಿಕ್ಸಿ ರಿಪೇರಿ

ಸೈಕಲ್ ಯಾಕೆ, ಮನೆಯಲ್ಲಿ ಕೆಟ್ಟ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಇರುತ್ತವಲ್ಲ? ಬಿಚ್ಚಿಸಿ. ಮೋಟಾರಿನ ಒಳಗಿನ ಕಾರ್ಬನ್ ಬ್ರಷ್, ಆರ್ಮೇಚರ್ ಎಲ್ಲ ಕಣ್ಣಾರೆ ನೋಡಬಹುದು. ನಾನು ಕಲಿತದ್ದೇ ಹಾಗೆ.

ಹಳೆ ಅರ

ಬೇಡ. ಖಂಡಿತ ಬೇಡ. ಪ್ಲಗ್ ಹಾಕುವ ಯಾವ ವಸ್ತುವನ್ನೂ ಮನೆಪಾಠವಾಗಿ ಕೊಡಬಾರದು. ನೀವು ಕಲಿತಿರಿ, ಬದುಕಿದಿರಿ, ಸಂತೋಷ. ಬಿಚ್ಚುವಾಗ ಪ್ಲಗ್ ತೆಗೆದಿರುತ್ತಾರೆ. ಜೋಡಿಸಿದ ಮೇಲೆ “ನಡೆಯುತ್ತದೆಯೇ ನೋಡೋಣ” ಎಂದು ಹಾಕುವವರನ್ನು ತಡೆಯಲು ಅಲ್ಲಿ ಯಾರಿದ್ದಾರೆ? ಒಳಗಿನ ತಂತಿಯೊಂದು ಲೋಹದ ಮೈಗೆ ತಾಗಿ ಉಳಿದಿದ್ದರೆ, ಮನೆಯಲ್ಲಿ ಅರ್ತಿಂಗ್ ಸರಿ ಇಲ್ಲದಿದ್ದರೆ? ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಇರುವ ಸಾಧನಗಳಲ್ಲಿ ಪ್ಲಗ್ ತೆಗೆದ ಮೇಲೂ ಹೊಡೆತ ಉಳಿದಿರಬಹುದು. ಉಬ್ಬಿದ ಮೊಬೈಲ್ ಬ್ಯಾಟರಿಯಂತೂ ಮುಟ್ಟಲೇಬಾರದು. ಬಿಚ್ಚಲೇಬೇಕು ಎಂದಿದ್ದರೆ ನಲ್ಲಿ, ಬೀಗ, ಸೆಲ್ಲಿನ ಟಾರ್ಚ್, ಹಳೇ ಗೋಡೆ ಗಡಿಯಾರ ಇವೆ. ತೊಟ್ಟಿಕ್ಕುವ ನಲ್ಲಿಗೆ ವಾಷರ್ ಬದಲಿಸಿದರೆ ತಾಯಿಯೂ ಹರಸುತ್ತಾಳೆ, ಸರಿಯಾಯಿತೋ ಇಲ್ಲವೋ ಎಂದು ನಲ್ಲಿಯೇ ಹೇಳುತ್ತದೆ.

ಕೋಡ್ ಕಟ್ಟೆ

ಇದರಲ್ಲಿ ನಾನು ಹಳೆ ಅರ ಸರ್ ಕಡೆ. ಇನ್ನೊಂದು ಸೇರಿಸಿ: ಎಲ್‌ಇಡಿ ಪಾಠಕ್ಕೆ ಎಲ್ಲರೂ ಗುಂಡಿಯಂಥ 3 ವೋಲ್ಟ್ ಕಾಯಿನ್ ಸೆಲ್ ಕೊಡುತ್ತಾರೆ, ಎರಡು ಕಾಲಿನ ಮಧ್ಯೆ ಸಿಕ್ಕಿಸಿದರೆ ಹೊತ್ತಿಕೊಳ್ಳುತ್ತದೆ, ಅಂದ ಕಾಣುತ್ತದೆ. ಮನೆಯಲ್ಲಿ ಚಿಕ್ಕ ತಮ್ಮ ತಂಗಿಯರಿದ್ದರೆ ಅದನ್ನು ಕಳಿಸಬೇಡಿ. ನುಂಗಿದರೆ ಅನ್ನನಾಳವನ್ನು ಕೆಲವೇ ಗಂಟೆಗಳಲ್ಲಿ ಸುಡುತ್ತದೆ. ಎರಡು ಪೆನ್ಸಿಲ್ ಸೆಲ್, 100 ಓಮ್ ರೆಸಿಸ್ಟರ್, ಕೆಂಪು ಎಲ್‌ಇಡಿ ಸಾಕು. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ಹಿಡಿದುಕೊಳ್ಳುತ್ತದೆ, ಉಳಿದ 1 ವೋಲ್ಟ್ ರೆಸಿಸ್ಟರಿನ ಮೇಲೆ, ಹರಿಯುವುದು 10 ಮಿಲಿಆಂಪಿಯರ್. ಹತ್ತನೇ ತರಗತಿಯ ಓಮ್ ನಿಯಮದ ಲೆಕ್ಕವೂ ಅಲ್ಲೇ ಆಯಿತು. ನೀಲಿ, ಬಿಳಿ ಎಲ್‌ಇಡಿಗೆ 3 ವೋಲ್ಟ್ ಹತ್ತಿರ ಬೇಕಾಗುವುದರಿಂದ ಸೆಲ್ ಹಳೆಯದಾದರೆ ಮಂಕಾಗುತ್ತದೆ. ಯಾಕೆ ಎಂದು ಮಕ್ಕಳನ್ನೇ ಕೇಳಿ.

ಜುಲೈ 2021ರ ಬ್ಯಾಚ್

ನಮ್ಮ ಅಪ್ಪ ಗಾರೆ ಕೆಲಸ ಮಾಡುತ್ತಾರೆ. ಆ ವರ್ಷ ಶಾಲೆ ಇಲ್ಲದಾಗ ಅವರ ಜೊತೆ ಹೋಗುತ್ತಿದ್ದೆ. ದಾರದಲ್ಲಿ 3, 4, 5 ಅಡಿ ಅಳೆದು ಪಾಯದ ಮೂಲೆ ಕೂರಿಸುವುದು, ನೀರು ತುಂಬಿದ ಪಾರದರ್ಶಕ ಟ್ಯೂಬನ್ನು ಎರಡು ಗೋಡೆಗೆ ಹಿಡಿದು ಮಟ್ಟ ನೋಡುವುದು, ತೂಗುಗುಂಡು ಬಿಡುವುದು ಅಲ್ಲಿಯೇ ಕಲಿತೆ. ಪೈಥಾಗೊರಸ್ ಪ್ರಮೇಯ ಪುಸ್ತಕಕ್ಕಿಂತ ಮೊದಲು ಪಾಯದ ಗುಂಡಿಯಲ್ಲಿ ಸಿಕ್ಕಿತು. ಮಕ್ಕಳ ಮನೆಯವರ ಕೆಲಸವನ್ನೇ ಪಾಠವಾಗಿ ಕೊಟ್ಟರೆ ಹೇಗೆ?

ಚೈನ್ ಸೆಟ್

ತಮ್ಮಾ, ನಿನ್ನ ಮಾತು ಕೇಳಲು ಚೆನ್ನಾಗಿದೆ, ನಿನ್ನ ಅಪ್ಪ ನಿನ್ನನ್ನು ಮತ್ತೆ ಓದಲು ಕಳಿಸಿದರು. ನಮ್ಮ ಕಡೆ ಹತ್ತಿ ಬಿಡಿಸಲು, ಇಟ್ಟಿಗೆ ಭಟ್ಟಿಗೆ ಹೋದ ಮಕ್ಕಳಲ್ಲಿ ಕೆಲವರು 2021ರ ಆಗಸ್ಟ್ 23ಕ್ಕೆ 9 ಮತ್ತು 10ನೇ ತರಗತಿ ತೆರೆದಾಗ ಬರಲೇ ಇಲ್ಲ. ಮನೆಗೆ ಹೋಗಿ ಕರೆದರೆ “ಕೈಕೆಲಸ ಕಲಿಯುತ್ತಿದ್ದಾನಲ್ಲ ಸರ್, ನೀವೂ ಅದನ್ನೇ ಕಲಿಸುವವರಲ್ಲವೇ” ಎಂದರು. ಅದಕ್ಕೆ ಕೊಡಲು ನನ್ನಲ್ಲಿ ಉತ್ತರ ಇರಲಿಲ್ಲ. ಶಾಲೆಯೇ ಚೀಟಿ ಬರೆದು “ತಂದೆಯ ಕೆಲಸಕ್ಕೆ ಹೋಗಿ ಕಲಿ” ಎಂದರೆ ಮಾಲೀಕರಿಗೆ ಹಬ್ಬ.

ಟಿ-ಸ್ಕ್ವೇರ್

ಚೈನ್ ಸೆಟ್ ಸರ್ ಮಾತಿಗೆ ನನ್ನ ಸಹಿ. ಆದರೆ ಮನೆಗೆ ಬಂದ ಅಪ್ಪನನ್ನು ಹತ್ತು ನಿಮಿಷ ಕೂರಿಸಿ, “ಮಟ್ಟ ಹೇಗೆ ನೋಡುತ್ತೀರಿ?” ಎಂದು ಕೇಳಿ ಬರೆದುಕೊಂಡು ಬರುವುದರಲ್ಲಿ ತಪ್ಪಿಲ್ಲ. ಕೆಲಸಕ್ಕೆ ಹೋಗುವುದು ಬೇಡ, ಕೆಲಸದ ಮಾತು ಮನೆಗೆ ಬರಲಿ.

ಬೆಳಗಿನ ಬಸ್ಸು

ನಾನು ಶಿಕ್ಷಕಿಯಲ್ಲ, ಇಬ್ಬರು ಮಕ್ಕಳ ತಾಯಿ. ಎಲ್ಲವನ್ನೂ ಓದಿದೆ. ನಿಮ್ಮೆಲ್ಲರಲ್ಲಿ ಒಂದು ಕೋರಿಕೆ: ಫೋಟೊ ಕೇಳಬೇಡಿ. ಆ ಎರಡು ವರ್ಷ ಪ್ರಾಜೆಕ್ಟ್ ಎಂದರೆ ಸಂಜೆ ಏಳು ಗಂಟೆಗೆ ನಾನು ಥರ್ಮೊಕೋಲ್ ಕತ್ತರಿಸಿ, ಮಗ ಹಿಡಿದು ನಿಂತು, ಮಗಳು ಫೋಟೊ ತೆಗೆಯುವುದು ಎಂದಾಗಿತ್ತು. ಗುಂಪಿನಲ್ಲಿ ಚಂದ ಇದ್ದ ಫೋಟೊಗೆ ಚಪ್ಪಾಳೆ. ಚಂದ ಮಾಡಿದವರು ಯಾರೆಂದು ಎಲ್ಲ ತಾಯಂದಿರಿಗೂ ಗೊತ್ತಿತ್ತು.

ಬರ್ಮಿಂಗ್‌ಹ್ಯಾಮ್ ಬೆಂಚು

ಇದು ಇಲ್ಲಿಯೂ ಹೀಗೆಯೇ ಇತ್ತು, ಅಲ್ಲಿಗಿಂತ ಸ್ವಲ್ಪ ದುಬಾರಿ ಥರ್ಮೊಕೋಲ್, ಅಷ್ಟೇ. ನಾನು ಕೊನೆಗೆ ಕೆಟ್ಟುಹೋದ ಮೊದಲ ಪ್ರಯತ್ನವನ್ನೇ ಜೋಪಾನವಾಗಿಟ್ಟು ಶಾಲೆಗೆ ತನ್ನಿ ಎಂದೆ. ಎರಡನ್ನೂ ಪಕ್ಕಪಕ್ಕ ಇಟ್ಟು “ಯಾಕೆ ಬದಲಿಸಿದೆ?” ಎಂದು ಕೇಳಿದರೆ ಮಾಡಿದ ಮಗು ಗಂಟೆಗಟ್ಟಲೆ ಹೇಳುತ್ತದೆ, ಅಮ್ಮ ಮಾಡಿಕೊಟ್ಟ ಮಗು ಅಮ್ಮನ ಮುಖ ನೋಡುತ್ತದೆ.

ಘಟ್ಟದ ತಪ್ಪಲು

ಎಲ್ಲರಿಗೂ ಧನ್ಯವಾದ. ಇಷ್ಟು ಬರುತ್ತದೆ ಎಂದುಕೊಂಡಿರಲಿಲ್ಲ. ನಿಮ್ಮ ಮಾತುಗಳಿಂದ ನಾನು ಆರಿಸಿಕೊಂಡಿದ್ದು ಒಂದು ಅಳತೆಗೋಲು: ನಾನು ಅಲ್ಲಿ ಇಲ್ಲದಿದ್ದರೂ, ಸಿಗ್ನಲ್ ಇಲ್ಲದಿದ್ದರೂ, ಮಾಡಿದ್ದು ಸರಿಯೋ ತಪ್ಪೋ ಎಂದು ವಸ್ತುವೇ ಮಗುವಿಗೆ ಹೇಳುವಂತಿರಬೇಕು. ಪೊಟ್ಟಣ ಗೆರೆಯ ಮೇಲೆ ಕೂರಬೇಕು, ಎಲ್‌ಇಡಿ ಹೊತ್ತಬೇಕು, ಸೈಕಲ್ ಲೆಕ್ಕದಷ್ಟು ದೂರ ಹೋಗಬೇಕು, ನಲ್ಲಿ ನಿಲ್ಲಬೇಕು. ಹಾಗೆ ಹೇಳದ ಕೆಲಸಗಳನ್ನು, ಅಂದರೆ ಅರ, ಗರಗಸ, ಬೆಸುಗೆ ಇವನ್ನು ಲ್ಯಾಬಿಗೇ ಬಿಡುತ್ತೇನೆ.

ಮಳೆಗಾಲಕ್ಕೆ ಮೊದಲೇ, ಮೇ ಕೊನೆಯಲ್ಲಿ ಶಾಲೆ ತೆರೆದ ವಾರವೇ, ಒಂದೊಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಡುತ್ತೇನೆ: ಎರಡು ಪೆನ್ಸಿಲ್ ಸೆಲ್, ಕೆಂಪು ಎಲ್‌ಇಡಿ ಎರಡು, ಬಿಳಿ ಒಂದು, ರೆಸಿಸ್ಟರ್, ಒಂದು ಮೀಟರ್ ತಂತಿ, ದಪ್ಪ ಕಾಗದ, ಹಿತ್ತಾಳೆ ಪಿನ್ನು, ಮೂರು ಆಯಾಮದ ಚಿತ್ರ ಬರೆಯಲು ಐಸೊಮೆಟ್ರಿಕ್ ಚುಕ್ಕಿ ಹಾಳೆ ನಾಲ್ಕು. ಸೂಚನೆ ಮುದ್ರಿಸಿದ ಎರಡು ಪುಟ, ವಿಡಿಯೊ ಇಲ್ಲ. ಫೋನ್ ಇರುವವರು ಸಂಜೆ ಪ್ರಶ್ನೆ ಕೇಳಬಹುದು.

ಹಳೆ ಅರ ಸರ್, ಒಂದು ಅನುಮಾನ. ಮನೆಯಲ್ಲಿ ಮೂಲೆಮಟ್ಟ ಇರುವುದಿಲ್ಲ. ರಟ್ಟಿನ ಪೆಟ್ಟಿಗೆಯ ಮೂಲೆ 90 ಡಿಗ್ರಿ ಇದೆಯೇ ಎಂದು ಮಕ್ಕಳು ಯಾವುದರಿಂದ ನೋಡಬೇಕು? ಜಾಮಿಟ್ರಿ ಬಾಕ್ಸಿನ ಸೆಟ್‌ಸ್ಕ್ವೇರ್‌ಗಳ ಮೂಲೆ ಮುರಿದಿರುತ್ತದೆ.

ಹಳೆ ಅರ

ಯಾವುದಾದರೂ ಒಂದು ಹಾಳೆ ತೆಗೆದುಕೊಳ್ಳಿ, ಅಂಚು ಹರಿದಿದ್ದರೂ ಪರವಾಗಿಲ್ಲ. ಎಲ್ಲಾದರೂ ಒಂದು ಮಡಿಕೆ ಹಾಕಿ ಉಗುರಿನಿಂದ ಗಟ್ಟಿಯಾಗಿ ಎಳೆಯಿರಿ. ಈಗ ಆ ಮಡಿಕೆಯ ಗೆರೆಯ ಒಂದು ಭಾಗ ಇನ್ನೊಂದು ಭಾಗದ ಮೇಲೆ ಸರಿಯಾಗಿ ಕೂರುವ ಹಾಗೆ ಮತ್ತೊಮ್ಮೆ ಮಡಿಸಿ. ಎರಡು ಮಡಿಕೆ ಸೇರಿದ ಮೂಲೆ 90 ಡಿಗ್ರಿ. ಪೆಟ್ಟಿಗೆಯ ಒಳಮೂಲೆಗೆ ತೂರಿಸಿ ಕಿಟಕಿಯ ಬೆಳಕಿಗೆ ಹಿಡಿಯಲು ಹೇಳಿ. ಒದ್ದೆ ಕೈಯಲ್ಲಿ ಮುಟ್ಟಬಾರದು, ನಿಮ್ಮ ಕಡೆಯ ಮಳೆಗೆ ಹಾಳೆ ಮೆತ್ತಗಾಗುತ್ತದೆ. ಹಳೇ ಮದುವೆ ಕಾರ್ಡು ಸಿಕ್ಕರೆ ಇನ್ನೂ ಒಳ್ಳೆಯದು.

ಕಾಜ ಗುಂಡಿ

ಮದುವೆ ಕಾರ್ಡಿಗಿಂತ ಕ್ಯಾಲೆಂಡರಿನ ಹಾಳೆ ವಾಸಿ. ಕಾರ್ಡು ಎರಡನೇ ಮಡಿಕೆಗೆ ಸೀಳುತ್ತದೆ.